ಅವ್ವನ ರೇಡಿಯೋ

ಮಗಳೇ,

ಹೋದ ವಾರ ನಿಶ್ಚಯದ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದೆವಲ್ಲ, ಆಗ ನೀನಾಡಿದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ನಿನ್ನ ಅತ್ಯಾನ ಮಗ ಫೋನಿನಲ್ಲಿ ಒಂದು ಸಿನಿಮಾ ಹಾಡು ಹಚ್ಚಿದ್ದ. ಜೊತೆಗೆ ತಾನೂ ಸಣ್ಣಗೆ ಗುನುಗುತ್ತಿದ್ದ. ನೀನು, "ಇಂಥಾವನ್ನೆಲ್ಲಾ ಹಾಡು ಅಂತ ಕೇಳ್ತೀಯೇನೋ?" ಅಂದೆ. ನಾಲ್ಕು ಮಂದಿ ನಕ್ಕರು. ಅವನೂ ನಕ್ಕ. ಆಮೇಲೆ ಅವನ ಹೆಬ್ಬೆರಳು ಮೆಲ್ಲಗೆ ಸರಿದು ಹಾಡನ್ನು ನಿಲ್ಲಿಸಿತು. ಅದನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ. ಯಾಕೆ ನೋಡಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಬೈಯುವುದಕ್ಕೆ ಬರೆಯುತ್ತಿಲ್ಲ. ಆರು ವರ್ಷ ತಂಬೂರಿ ಹಿಡಿದು, ಬೆಳಗಿನ ಐದಕ್ಕೆ ಎದ್ದು ಷಡ್ಜ ಹಚ್ಚಿದವಳು ನೀನು. ನಿನ್ನ ಕಿವಿಗೆ ಈಗ ಎರಡು ಸ್ವರಗಳ ನಡುವಿನ ಎಳೆ ಕೇಳುತ್ತದೆ. ಅದು ಕೇಳದವರ ಮುಂದೆ ನಿನಗೆ ತಾಳ್ಮೆ ತಪ್ಪುವುದು ನನಗೆ ಅರ್ಥವಾಗುತ್ತದೆ. ಎಲ್ಲ ಹಾಡೂ ಒಂದೇ, ಯಾವುದೂ ಹೆಚ್ಚಲ್ಲ ಕಡಿಮೆಯಲ್ಲ ಎಂದು ನಾನು ಹೇಳುವುದಿಲ್ಲ. ಅದು ಸುಳ್ಳು. ಒಳ್ಳೆಯ ಹಾಡು ಇದೆ, ಕೆಟ್ಟ ಹಾಡೂ ಇದೆ. ಅಭಿರುಚಿಯನ್ನು ದುಡಿದು ಗಳಿಸಬೇಕು, ನೀನು ಗಳಿಸಿದ್ದೀಯ, ಅದನ್ನು ಯಾರ ಮುಲಾಜಿಗೂ ಬಿಡಬೇಡ. ನಾನು ಹೇಳುವುದು ಅದರ ಮಗ್ಗುಲಲ್ಲೇ ಬೆಳೆಯುವ ಇನ್ನೊಂದರ ಬಗ್ಗೆ. ನಮ್ಮ ಕಡೆ ಅದಕ್ಕೆ ದೊಡ್ಡಸ್ತಿಕೆ ಅನ್ನುತ್ತಾರೆ. ಎರಡೂ ಒಂದೇ ಹೊಲದ ಬೆಳೆ. ಚಿಕ್ಕದಿದ್ದಾಗ ಯಾವುದು ಪೈರು ಯಾವುದು ಕಳೆ ಎಂದು ಗುರುತು ಸಿಗುವುದು ಕಷ್ಟ.

ನಿನ್ನ ರಿಯಾಜಿಗೆ ಜೊತೆ ಕೊಡುವ ಪೇಟಿಯನ್ನೇ ತೆಗೆದುಕೋ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಸುಮಾರು ಮೂರು ದಶಕ ರೇಡಿಯೋದಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಾರಣ ಪೊಳ್ಳಲ್ಲ. ಪೇಟಿಯ ಪ್ರತಿ ಮನೆಗೂ ಒಂದೊಂದೇ ಸ್ವರ. ಒಂದರಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ಮೀಂಡ್ ಇಲ್ಲ, ರಾಗ ಬಯಸುವ ಸೂಕ್ಷ್ಮ ಶ್ರುತಿ ಇಲ್ಲ. ರವೀಂದ್ರನಾಥ ಟಾಗೋರರಿಗೂ ಆ ವಾದ್ಯ ಹಿಡಿಸಿರಲಿಲ್ಲ. ಕಿವಿಯಿಟ್ಟು ಕೇಳಿ, ಇದು ನಮ್ಮ ಹಾಡಿಗೆ ಹೊಂದದು ಎಂದವರದು ಅಭಿರುಚಿ. ಅವರ ಜೊತೆ ಜಗಳ ಆಡಬಹುದು, ಆದರೆ ಅವರನ್ನು ಗೌರವಿಸಲೇಬೇಕು. ಇನ್ನು ತಾವು ಏನೂ ಕೇಳದೆ, ದೊಡ್ಡವರು ಅಂದಿದ್ದಾರೆ ಎಂದು ಪೇಟಿ ಕಂಡರೆ ಮೂಗು ಮುರಿದವರಿಗೆ ಏನನ್ನಬೇಕು? ನಮ್ಮ ಬೆಳಗಾವಿಯ ರಾಂಭಾವು ಬಿಜಾಪುರೆಯವರು ಅದೇ ಪೇಟಿಯ ಮೇಲೆ ಇಡೀ ಬಾಳು ಸವೆಸಿದರು. ದೊಡ್ಡ ದೊಡ್ಡ ಗವಾಯಿಗಳು ಅವರ ಸಾಥ್ ಬಯಸಿ ಕರೆಸಿಕೊಂಡರು. ವಾದ್ಯದ ಕೊರತೆ ಅವರಿಗೆ ತಿಳಿದಿರಲಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಆ ಕೊರತೆಯನ್ನು ಎದುರಿಗಿಟ್ಟುಕೊಂಡೇ ಅವರು ನುಡಿಸಿದರು.

ಆಮೇಲೆ ಚಿತ್ರಗೀತೆಯ ಸರದಿ ಬಂತು. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಮಂತ್ರಿಯಾದ ಮೇಲೆ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮಾಯವಾದವು. ಅವರು ಸಂಗೀತ ಕಲಿತವರು, ಶಾಸ್ತ್ರೀಯ ಸಂಗೀತ ಉಳಿಯಬೇಕೆಂಬ ಕಳಕಳಿ ಇದ್ದವರು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾಕ್ಕಾಗಿ ವಾರವಿಡೀ ಕಾದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ತೆರೆಯಬೇಕಾಯಿತು. ಒಬ್ಬನ ಇಷ್ಟವನ್ನು ಕೀಳು ಎಂದು ಹೇಳಿ ಅವನಿಗೆ ಇನ್ನೊಂದರ ರುಚಿ ಹತ್ತಿಸಲು ಆಗುವುದಿಲ್ಲ. ಅವನು ಬಾಗಿಲು ಮುಚ್ಚಿಕೊಂಡು ತನ್ನದನ್ನು ಕೇಳುತ್ತಾನೆ, ನಿನ್ನದರ ಹತ್ತಿರಕ್ಕೂ ಬರುವುದಿಲ್ಲ.

ಈಗ ಭೀಮಸೇನ ಜೋಶಿಯವರನ್ನು ನೆನೆ. 1956ರಲ್ಲಿ, ವಿವಿಧ ಭಾರತಿ ಇನ್ನೂ ಹುಟ್ಟಿರದ ಹೊತ್ತಿನಲ್ಲಿ, ಅವರು 'ಬಸಂತ್ ಬಹಾರ್' ಎಂಬ ಹಿಂದಿ ಸಿನಿಮಾಕ್ಕೆ ಹಾಡಿದರು. ನಮ್ಮ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿಯಿಂದ ಮಾಡಿದ ಚಿತ್ರ ಅದು. ಕಥೆಯಲ್ಲಿ ಒಂದು ಸ್ಪರ್ಧೆ. ಒಂದು ಕಡೆ ಭೀಮಸೇನರ ದನಿ, ಇನ್ನೊಂದು ಕಡೆ ಸಿನಿಮಾ ಗಾಯಕ ಮನ್ನಾ ಡೇ. ಗೆಲ್ಲಬೇಕಾದದ್ದು ಮನ್ನಾ ಡೇ ದನಿ. ಎದುರಿಗೆ ಭೀಮಸೇನರು ಎಂದು ತಿಳಿದಾಗ ತಾವು ಹೆದರಿ ನಡುಗಿದ್ದನ್ನು ಮನ್ನಾ ಡೇ ತಾವೇ ಹೇಳಿಕೊಂಡಿದ್ದಾರೆ. ಭೀಮಸೇನರು ಬಂದರು, ಹಾಡಿದರು, ಪರದೆಯ ಮೇಲೆ ಸೋತರು. ಅದರಿಂದ ಅವರ ಗಾನಕ್ಕೆ ಒಂದು ಕೂದಲೆಳೆಯಷ್ಟೂ ಕುಂದಾಗಲಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ ಹುಡುಗ ಅವರು. ಅವರಿಗೆ ಹುಚ್ಚು ಹಿಡಿಸಿದ್ದು ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು. ಖ್ಯಾಲವಲ್ಲ, ಠುಮ್ರಿ. ಅದು ಹಗುರ ಸಂಗೀತ, ಅದಕ್ಕೆ ಕಿವಿಗೊಡಬಾರದು ಎಂದು ಆ ಹುಡುಗನಿಗೆ ಯಾರಾದರೂ ಮೊದಲೇ ಕಲಿಸಿದ್ದರೆ?

ಅವರ ಗುರು ಕುಂದಗೋಳದ ಸವಾಯಿ ಗಂಧರ್ವರು ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಮಲ್ಲಿಕಾರ್ಜುನ ಮನ್ಸೂರರು ಚಿಕ್ಕಂದಿನಲ್ಲಿ ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದವರು, ಮುಂದೆ ವಚನಗಳನ್ನೂ ಅಷ್ಟೇ ತನ್ಮಯತೆಯಿಂದ ಹಾಡಿದವರು. ನೀನು ದೇವರ ಪಟದ ಪಕ್ಕ ಯಾರ ಫೋಟೋ ಇಟ್ಟುಕೊಂಡಿದ್ದೀಯೋ ಅವರೆಲ್ಲ ಇಂಥ ಮಣ್ಣಿನಿಂದ ಎದ್ದವರೇ.

ನಿನ್ನೊಳಗೆ ಕಳೆ ಎದ್ದಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ನಾನು ಕಂಡುಕೊಂಡ ಒಂದು ದಾರಿ ಇದೆ. ಕಚೇರಿಯಲ್ಲಿ ಕುಳಿತಾಗ ನಿನ್ನ ಗಮನ ಹಾಡಿನ ಮೇಲಿದೆಯೋ, ಪಕ್ಕದಲ್ಲಿ ಕುಳಿತವರ ಮೇಲಿದೆಯೋ? ರಾಗದ ಹೆಸರು ಹೊಳೆದ ಕೂಡಲೇ ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆಯೇ? ಯಾರು ಹಾಡಿದ್ದು ಎಂದು ತಿಳಿಯುವ ಮುಂಚೆ 'ಆಹಾ' ಅನ್ನಲು ಬಾಯಿ ತಡೆಯುತ್ತದೆಯೇ? ಹಾಗಾಗುತ್ತಿದ್ದರೆ ನೀನು ಹಾಡನ್ನು ಕೇಳುತ್ತಿಲ್ಲ, ನಿನ್ನ ಎತ್ತರ ಅಳೆದುಕೊಳ್ಳುತ್ತಿದ್ದೀಯ. ಈ ದೊಡ್ಡಸ್ತಿಕೆಗೆ ತಮ್ಮನೂ ಒಬ್ಬನಿದ್ದಾನೆ. "ನಮಗೆ ಈ ಆ ಊ ಎಲ್ಲಾ ತಿಳಿಯೂದಿಲ್ರೀ, ನಾವು ಸಾದಾ ಮಂದಿ" ಎಂದು ಎದೆಯುಬ್ಬಿಸಿ ಹೇಳುವವನು. ಅವನೂ ಕೇಳುವುದಿಲ್ಲ.

ನಾನು ನಿನ್ನ ವಯಸ್ಸಿನವನಿದ್ದಾಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಸಂಗೀತದ ಹುಚ್ಚು ಹೊಸದಾಗಿ ಹಿಡಿದಿತ್ತು. ರಾತ್ರಿಯಿಡೀ ಕಚೇರಿ ಕೇಳುವ ಗೆಳೆಯರ ಗುಂಪು. ಮನೆಯಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರ್ ಇತ್ತು, ಅವ್ವ ಅದನ್ನು ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದಳು. ರೊಟ್ಟಿ ಬಡಿಯುತ್ತ ಚಿತ್ರಗೀತೆ ಕೇಳುತ್ತಿದ್ದಳು. ದಿನದಲ್ಲಿ ಅವಳಿಗೆಂದು ಇದ್ದದ್ದು ಆ ಒಂದು ತಾಸು. ಒಂದು ದಿನ ಗುಂಪಿನ ಹಿರಿಯ ಗೆಳೆಯನೊಬ್ಬ ಮನೆಗೆ ಬಂದ. ಒಳಗಿನಿಂದ ಹಾಡು ಕೇಳಿಸುತ್ತಿತ್ತು. ನನಗೆ ನಾಚಿಕೆಯಾಯಿತು. ಒಳಗೆ ಹೋಗಿ, ಏನೂ ಮಾತಾಡದೆ, ರೇಡಿಯೋ ಆರಿಸಿ ಬಂದೆ. ಅವ್ವ ಏನೂ ಅನ್ನಲಿಲ್ಲ, ಚಹಾ ಮಾಡಿ ಕಳಿಸಿದಳು. ಅವತ್ತಿನಿಂದ ನಾನು ಹೊಸ್ತಿಲು ತುಳಿದ ಸಪ್ಪಳ ಕೇಳಿದ ಕೂಡಲೇ ಹಿಟ್ಟಿನ ಕೈಯಲ್ಲೇ ಅವಳು ಗುಂಡಿ ತಿರುಗಿಸಿ ಆರಿಸಿಬಿಡುತ್ತಿದ್ದಳು. ಆ ಗುಂಡಿಗೆ ಯಾವಾಗಲೂ ಜೋಳದ ಹಿಟ್ಟು ಮೆತ್ತಿರುತ್ತಿತ್ತು. ಮೊನ್ನೆ ಆ ಹುಡುಗನ ಹೆಬ್ಬೆರಳು ಸರಿದಾಗ ನನಗೆ ಕಂಡದ್ದು ಆ ಕೈ.

ದಸರೆಗೆ ಅವನು ಬರುತ್ತಾನಂತೆ. ಅವನಿಗೆ ರಾಗ ಕಲಿಸಲು ಹೋಗಬೇಡ, ಕ್ಷಮೆಯನ್ನೂ ಕೇಳಬೇಡ, ಅವನು ಮುಜುಗರಪಡುತ್ತಾನೆ. ಅವತ್ತು ಅರ್ಧಕ್ಕೆ ನಿಂತ ಹಾಡನ್ನು ಪೂರ್ತಿ ಹಚ್ಚು ಅನ್ನು. ಕುಳಿತು ಕೇಳು. ಅದರಲ್ಲಿ ಅವನಿಗೆ ಯಾವ ಸಾಲಿನ ಹತ್ತಿರ ಉಸಿರು ಹಿಡಿದಂತಾಗುತ್ತದೆ ಎಂದು ಕೇಳಿ ತಿಳಿದುಕೋ.

ಒಂದು ಹಾಡು ಬಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಹಾಡು ಮುಗಿಯುವವರೆಗೂ ಆ ಸಪ್ಪಳವಿರುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಿದಾಗುತ್ತಿತ್ತು. ಸಪ್ಪಳ ನಿಂತದ್ದು ನನಗೆ ಇವತ್ತಿಗೂ ನೆನಪಿದೆ. ಹಾಡು ಯಾವುದೆಂದು ನಾನು ಕೇಳಲೇ ಇಲ್ಲ.

ನಿನ್ನ ಕಾಕಾ