ಡಿಸ್ಕ್ ಇಲ್ಲದ ಸರ್ವರ್‌ನಲ್ಲಿ ಫೈಲ್ ಅಪ್‌ಲೋಡ್: ಒಂದು ಅಭ್ಯಾಸ ಪಾಠ

ಸಹಪಾಠಿಗಳ ಎದುರು ಈ ಪಾಠವನ್ನು ಒಂದು ಪ್ರಶ್ನೆಯಿಂದ ಶುರು ಮಾಡಿದೆ: ಹವಳಗಾದ ಸಕ್ಕರೆ ಕಾರ್ಖಾನೆಗೆ ಬಂದ ಕಬ್ಬಿನ ಟ್ರ್ಯಾಕ್ಟರ್ ಎಲ್ಲಿ ಖಾಲಿಯಾಗಬೇಕು? "ಅಂಗಳದಾಗ ಒಟ್ಟಬೇಕು" ಎಂದರು ಕೆಲವರು. "ಒಣಗಿದ್ರ ತೂಕ ಹೋಗ್ತದ್ರೀ, ನೇರ ಅರೀಲಿಕ್ಕೇ ಹೋಗ್ಬೇಕು" ಎಂದರು ಕಬ್ಬು ಬೆಳೆಯುವ ಮನೆಯವರೊಬ್ಬರು. ನನಗೆ ಬೇಕಿದ್ದ ಉತ್ತರ ಅದೇ.

ಅಪಾಚೆ ಕಾಮನ್ಸ್ ಫೈಲ್‌ಅಪ್‌ಲೋಡ್ ಗ್ರಂಥಾಲಯದ ರೂಢಿಯ ವಿಧಾನವು ಸುಮಾರು 10 ಕೆಬಿ ಮೀರಿದ ಫೈಲನ್ನು ಮೊದಲು ಡಿಸ್ಕಿನ ತಾತ್ಕಾಲಿಕ ಜಾಗದಲ್ಲಿ ಇಳಿಸುತ್ತದೆ. 2009ರಲ್ಲಿ ಜಾವಾಕ್ಕೆ ತೆರೆದುಕೊಂಡ ಗೂಗಲ್ ಆ್ಯಪ್ ಎಂಜಿನ್‌ನಲ್ಲಿ ಡಿಸ್ಕಿಗೆ ಬರೆಯಲು ಅನುಮತಿಯೇ ಇರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಓಡಿದ ಕೋಡ್ ಅಲ್ಲಿ ಆಗ ನಿಂತುಬಿಡುತ್ತಿತ್ತು.

"ಪೂರ್ತಿ ಮೆಮೊರಿಗೇ ತಗೊಂಡ್ರ?" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಹತ್ತು ಜನ ಒಮ್ಮೆಗೇ 20 ಎಂಬಿ ಕಳಿಸಿದರೆ 200 ಎಂಬಿ ಎಂದು ಹಲಗೆಯ ಮೇಲೆ ಲೆಕ್ಕ ಹಾಕಿದೆವು.

ಉಳಿದ ದಾರಿ, ಅದೇ ಗ್ರಂಥಾಲಯದ ಸ್ಟ್ರೀಮಿಂಗ್ ವಿಧಾನ. ಫಾರ್ಮಿನ ಭಾಗಗಳನ್ನು ಒಂದೊಂದಾಗಿ ತೆರೆದು, 8 ಕೆಬಿಯಂತೆ ಓದುತ್ತ ಹೊರಗಿನ ಸಂಗ್ರಹಕ್ಕೆ ಬರೆಯುತ್ತ ಹೋಗುವುದು.

ಇಲ್ಲೇ ನಾನು ಎಡವಿದ್ದು. ಫಾರ್ಮಿನಲ್ಲಿ ಫೋಟೊ ಮೇಲೆ, ರೋಲ್ ನಂಬರ್ ಕೆಳಗೆ ಇಟ್ಟಿದ್ದೆ. ಭಾಗಗಳು ಫಾರ್ಮಿನ ಕ್ರಮದಲ್ಲೇ ಬರುತ್ತವೆ, ದಾಟಿದ ಭಾಗಕ್ಕೆ ಹಿಂತಿರುಗಲು ಆಗದು. ಫೋಟೊ ಉಳಿಸುವ ಹೊತ್ತಿಗೆ ಅದು ಯಾರದೆಂದು ಕೋಡಿಗೆ ಗೊತ್ತಿರಲಿಲ್ಲ. ಎಲ್ಲ ಫೋಟೊ ಒಂದೇ ಹೆಸರಿನಲ್ಲಿ ಬರೆದು, ಕೊನೆಯದೊಂದೇ ಉಳಿಯಿತು. ತರಗತಿ ನಕ್ಕಿತು. ರೋಲ್ ನಂಬರನ್ನು ಮೇಲಕ್ಕೆ ತಂದು ಮತ್ತೆ ಓಡಿಸಿದೆ, ಆರೂ ಫೋಟೊ ಬಂದವು.