ನಗರದ ಮಳೆಯೂ ಕೆರೆಗಳ ಸರಪಣಿಯೂ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಅದರ ಮಗ್ಗುಲಲ್ಲಿ ದೊಡ್ಡ ನದಿಯಾವುದೂ ಇಲ್ಲ. ಆದರೂ ೨೦೨೨ರ ಸೆಪ್ಟೆಂಬರಿನ ಮಳೆಗೆ ನಗರದ ಪೂರ್ವಭಾಗದ ಕೆಲವು ಬಡಾವಣೆಗಳ ಜನರು ದೋಣಿಯನ್ನೇರಿ ಮನೆಗಳಿಂದ ಹೊರಬರಬೇಕಾಯಿತು. ನದಿಯಿಲ್ಲದ ಊರಿಗೆ ನೆರೆ ಬಂದುದು ಹೇಗೆ?

ಒಂದು ಸರಳ ಲೆಕ್ಕವನ್ನು ಮಾಡಿ ನೋಡೋಣ. ಒಂದು ಹೆಕ್ಟೇರ್ ನೆಲದ ಮೇಲೆ ೫೦ ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ೫ ಲಕ್ಷ ಲೀಟರ್. ಹುಲ್ಲು, ಮರಗಳಿರುವ ಮಣ್ಣು ಇದರಲ್ಲಿ ಗಣನೀಯ ಭಾಗವನ್ನು ಹೀರಿಕೊಳ್ಳುತ್ತದೆ. ಉಳಿದುದು ನಿಧಾನವಾಗಿ ಹರಿಯುತ್ತದೆ. ಕಾಂಕ್ರೀಟು ನೀರನ್ನು ಹೀರಲಾರದು. ಅದರ ಮೇಲೆ ಬಿದ್ದ ಮಳೆಯ ಬಹುಪಾಲು ಒಮ್ಮೆಗೇ ತಗ್ಗಿನ ಕಡೆಗೆ ಧಾವಿಸುತ್ತದೆ.

ನಮ್ಮ ಹಿರಿಯರು ಇಳಿಜಾರಿನುದ್ದಕ್ಕೂ ಕೆರೆಗಳನ್ನು ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಬೇಸಾಯಕ್ಕೆಂದು ಕಟ್ಟಿದ ಈ ಕೆರೆಗಳು ಮಳೆನೀರಿನ ವೇಗವನ್ನೂ ತಡೆಯುತ್ತಿದ್ದವು. ಇಂದು ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಸರಪಣಿಯ ಕೊಂಡಿ ಕಳಚಿದೆಡೆಯಲ್ಲಿ ನೀರು ಬೀದಿಯನ್ನೇ ಕಾಲುವೆಯನ್ನಾಗಿ ಮಾಡಿಕೊಳ್ಳುತ್ತದೆ.

ಉಳಿದ ಕೆರೆಗಳಿಗೆ ಇನ್ನೊಂದು ಕಂಟಕವಿದೆ: ಊರಿನ ಕೊಳಚೆ. ನಗರದ ಉತ್ತರದಲ್ಲಿರುವ ಜಕ್ಕೂರು ಕೆರೆಯಲ್ಲಿ ಇದಕ್ಕೊಂದು ಉಪಾಯವನ್ನು ಹೂಡಲಾಯಿತು. ಯಂತ್ರಗಳಿಂದ ಶುದ್ಧಿಯಾದ ಕೊಳಚೆನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಮೆಲ್ಲನೆ ಹಾದು, ಬಳಿಕ ಕೆರೆಗೆ ಇಳಿಯುವಂತೆ ಏರ್ಪಡಿಸಿದರು. ಜೊಂಡಿನ ಬೇರುಕಾಂಡಗಳನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳು ಉಳಿದ ಕಲ್ಮಷವನ್ನು ವಿಭಜಿಸುತ್ತವೆ. ನೀರಿನಲ್ಲಿ ಕರಗಿರುವ ಸಾರಜನಕ ಮತ್ತು ರಂಜಕದ ಲವಣಗಳು ಜೊಂಡಿಗೆ ಆಹಾರವಾಗುತ್ತವೆ. ಆದರೆ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಇಲ್ಲವಾದರೆ ಅದು ಅಲ್ಲಿಯೇ ಕೊಳೆತು, ಹೀರಿದ ಲವಣಗಳನ್ನು ಮರಳಿ ನೀರಿಗೆ ಬಿಡುತ್ತದೆ. ಪ್ರಕೃತಿಯಿಂದ ಸೇವೆ ಪಡೆಯುವವರು ಅದರ ಆರೈಕೆಯನ್ನೂ ಮಾಡಬೇಕು.

ಆದುದರಿಂದ ನಗರಯೋಜನೆ ಮಾಡುವವರು ಒಂದೊಂದು ಕೆರೆಯನ್ನು ಬಿಡಿಯಾಗಿ ಸಿಂಗರಿಸಿದರೆ ಸಾಲದು. ಕೆರೆಯ ಸುತ್ತ ನಡೆದಾಡುವ ದಾರಿ ಅಂದವಾಗಿದ್ದರೂ ಅದಕ್ಕೆ ನೀರು ತರುವ ಕಾಲುವೆ ಮುಚ್ಚಿಹೋಗಿದ್ದರೆ ಪ್ರಯೋಜನವೇನು? ನೆಲದ ಇಳಿಜಾರು, ಕಾಲುವೆ, ಜೌಗು, ಕೆರೆ, ಕೋಡಿ—ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದ ಮೇಲೆಯೇ ರಸ್ತೆ ಮತ್ತು ಮನೆಗಳ ಗೆರೆಗಳನ್ನು ಎಳೆಯಬೇಕು.

ನಿಮ್ಮ ಶಾಲೆಯ ಅಂಗಳದಲ್ಲಿ ಬಿದ್ದ ಮಳೆ ಎತ್ತ ಹರಿಯುತ್ತದೆ? ಯಾವ ಕೆರೆಯನ್ನು ಸೇರುತ್ತದೆ? ಮುಂದಿನ ಮಳೆಯ ಬಳಿಕ ನೀರಿನ ಜಾಡು ಹಿಡಿದು ನಡೆದು ನಕ್ಷೆಯೊಂದನ್ನು ಬರೆಯಿರಿ. ನಿಮ್ಮೂರಿನ ಸರಪಣಿಯಲ್ಲಿ ಯಾವ ಕೊಂಡಿ ಕಳಚಿದೆಯೆಂಬುದು ಆಗ ತಿಳಿಯುತ್ತದೆ.