ಹಿಮದಲ್ಲಿ ಬೇಟೆಗಾರನ ಉಡುಪು

ಉತ್ತರ ಅಮೆರಿಕದಲ್ಲಿ ಚಳಿಗಾಲದಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವನು ಬಿಳಿಯ ಉಡುಪು ತೊಟ್ಟರೆ ಸಾಕಲ್ಲವೆ? ಸಾಲದು. ಅದನ್ನು ನೋಡುವುದು ಜಿಂಕೆಯ ಕಣ್ಣೇ ಹೊರತು ನಮ್ಮದಲ್ಲ.

ಬಣ್ಣವನ್ನರಿಯುವ ಶಂಕುಕೋಶಗಳು ನಮ್ಮ ಅಕ್ಷಿಪಟಲದಲ್ಲಿ ಮೂರು ಬಗೆ, ಜಿಂಕೆಯಲ್ಲಿ ಎರಡೇ. ಒಂದು ನೀಲಿಯನ್ನೂ ಇನ್ನೊಂದು ಹಸಿರು-ಹಳದಿಯನ್ನೂ ಗ್ರಹಿಸುತ್ತದೆ. ಅಲ್ಲದೆ, ನಮ್ಮ ಕಣ್ಣಿನ ಮಸೂರವು ತಡೆಯುವ ಅತಿನೇರಳೆ ಕಿರಣಗಳಲ್ಲಿ ಕೆಲವು ಜಿಂಕೆಯ ಕಣ್ಣಿನೊಳಕ್ಕೆ ಹಾಯುತ್ತವೆ. ಹೊಸ ಹಿಮವು ಈ ಕಿರಣಗಳನ್ನು ಬಹುಮಟ್ಟಿಗೆ ಪ್ರತಿಫಲಿಸುತ್ತದೆ. ಬಿಳುಪನ್ನು ಹೆಚ್ಚಿಸಲು ಬಟ್ಟೆಗೂ ಸಾಬೂನುಪುಡಿಗೂ ಬೆರೆಸುವ ಹೊಳಪುಕಾರಕಗಳಾದರೋ ಅವನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತವೆ. ಆದಕಾರಣ ನಮಗೆ ಹಿಮದಂತೆಯೇ ತೋರುವ ಬಟ್ಟೆ ಜಿಂಕೆಗೆ ಬೇರೆಯಾಗಿ ಕಾಣಬಹುದು. ಹೊಳಪುಕಾರಕವಿಲ್ಲದ ಬಟ್ಟೆಯನ್ನೇ ಆರಿಸಿ, ಅಂಥದೇ ಸಾಬೂನಿನಿಂದ ಒಗೆಯಬೇಕು.

ತೆರೆದ ಬಯಲಿಗೆ ಅಚ್ಚಬಿಳುಪು ಒಪ್ಪುತ್ತದೆ. ಎಲೆಯುದುರಿದ ಕಾಡಿನಲ್ಲಾದರೆ ಬಿಳಿಯ ಮೇಲೆ ಬೂದು, ಕಂದು ಪಟ್ಟೆಗಳಿರಬೇಕು. ಅವು ದೇಹದ ಹೊರರೇಖೆಯನ್ನು ಒಡೆಯುತ್ತವೆ. ಮೇಲಂಗಿ ಉಣ್ಣೆಯದಾದರೆ ಸದ್ದು ಕಡಿಮೆ. ಇಷ್ಟಾದರೂ ಅಲುಗಾಡಿದರೆ ಎಲ್ಲವೂ ವ್ಯರ್ಥ.

ಇಲ್ಲಿ ಅಪಾಯವೊಂದುಂಟು. ಹಿಮದಲ್ಲಿ ಮರೆಯಾದವನು ಇತರ ಬೇಟೆಗಾರರಿಗೂ ಕಾಣದೆ ಅವರ ಗುಂಡಿಗೆ ಗುರಿಯಾಗಬಹುದು. ಆದುದರಿಂದಲೇ ಸಂಯುಕ್ತ ಸಂಸ್ಥಾನದ ಅನೇಕ ರಾಜ್ಯಗಳಲ್ಲಿ ಬಂದೂಕಿನಿಂದ ಜಿಂಕೆಯನ್ನು ಬೇಟೆಯಾಡುವವರಿಗೆ ಪ್ರಖರವಾದ ಕಿತ್ತಳೆ ಬಣ್ಣದ ಉಡುಪು ಕಡ್ಡಾಯ. ಮನುಷ್ಯನ ಕಣ್ಣಿಗೆ ಥಟ್ಟನೆ ಬೀಳುವ ಆ ಬಣ್ಣವನ್ನು ಜಿಂಕೆಯು ಹಸಿರು, ಕಂದುಗಳಿಂದ ಬೇರ್ಪಡಿಸಿ ಕಾಣಲಾರದು. ಹಿಮದ ಹಿನ್ನೆಲೆಯಲ್ಲಿ ಅದು ಮಬ್ಬುಕಲೆಯಾಗಿ ತೋರೀತು. ಮರದ ಬೊಡ್ಡೆಗೆ ಒರಗಿ ನಿಶ್ಚಲನಾಗಿ ನಿಂತರೆ ಆ ತೊಡಕೂ ಕಡಿಮೆಯಾಗುತ್ತದೆ. ಬಿಳಿಯ ಉಡುಪಿನ ಮೇಲೆ ಕಿತ್ತಳೆಯ ಟೊಪ್ಪಿಗೆಯನ್ನೂ ತೋಳಿಲ್ಲದ ಅಂಗಿಯನ್ನೂ ಧರಿಸದೆ ಅಂಥ ಕಾಡನ್ನು ಹೊಗಬಾರದು.